ಐದು ಕಿಲೋ ಚೀಲ, ಮೂರು ದಿನದ ಮದುವೆ

ಮದುವೆಗೆ ಹೊರಟ ಹೆಂಗಸರ ಚೀಲ ಯಾಕೆ ಅಷ್ಟು ಭಾರವಾಗುತ್ತದೆ? ಮಕ್ಕಳೇ, ಒಂದು ಲೆಕ್ಕ ಹಾಕಿ. ನಾಲ್ಕು ಸೀರೆ ಎಂದರೆ ನಾಲ್ಕೇ ಬಟ್ಟೆಯಲ್ಲ. ಒಂದೊಂದಕ್ಕೂ ಅದರದೇ ಬಣ್ಣದ ಕುಪ್ಪಸ, ಅದರದೇ ಬಣ್ಣದ ಒಳಲಂಗ. ಅಲ್ಲಿಗೆ ಹನ್ನೆರಡಾಯಿತು. ಸೀರೆಗೊಂದು ಸರ, ಸರಕ್ಕೊಂದು ಓಲೆ, ಬಳೆ, ಚಪ್ಪಲಿ. ಕೊನೆಗೆ ಜಿಪ್ಪು ಹಾಕಲು ಪೆಟ್ಟಿಗೆಯ ಮೇಲೆ ಮೊಮ್ಮಗನನ್ನು ಕೂರಿಸಬೇಕಾಗುತ್ತದೆ!

ಕಳೆದ ವರ್ಷ ಇಳಕಲ್ಲಿನಿಂದ ನನಗೊಂದು ಮದುವೆಯ ಕರೆ ಬಂತು. ಐವತ್ತು ವರ್ಷದ ಹಿಂದೆ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿಯ ಮೊಮ್ಮಗಳ ಮದುವೆ. ನನ್ನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷವಾಗಿತ್ತು. ಡಾಕ್ಟರು ‘ನಿಧಾನವಾಗಿ ಓಡಾಡಿ’ ಎಂದಿದ್ದರು. ಮಗನಿಗೆ ಮಾತ್ರ ಧೈರ್ಯವಿರಲಿಲ್ಲ. “ರೈಲು, ಬಸ್ಸು, ಮೆಟ್ಟಿಲು. ಚೀಲ ಯಾರಮ್ಮ ಎತ್ತುತ್ತಾರೆ?” ಎಂದ. “ನಾನೇ ಎತ್ತುತ್ತೇನೆ” ಎಂದೆ. “ಹಾಗಾದರೆ ಚೀಲ ಹಿಡಿದು ನಮ್ಮ ಮಹಡಿಗೆ ಎರಡು ಸಲ ಹತ್ತಿ ಇಳಿದು ತೋರಿಸು. ಆಮೇಲೆ ಟಿಕೆಟ್ಟು” ಎಂದು ಷರತ್ತು ಹಾಕಿದ. ಏಳನೇ ಕ್ಲಾಸಿನ ಮೊಮ್ಮಗಳು ನನಗೆ ಜೊತೆ. ಈ ಪರೀಕ್ಷೆಯಲ್ಲಿ ಫೇಲಾದರೆ ಗೆಳತಿಯನ್ನು ಮತ್ತೆ ಯಾವಾಗ ನೋಡುತ್ತೇನೋ ಎಂಬ ಯೋಚನೆ ನನ್ನದು.

ಅಡುಗೆಮನೆಯ ತಕ್ಕಡಿಯನ್ನು ತಂದು ಮಂಚದ ಮೇಲಿಟ್ಟೆ. ದೊಡ್ಡ ಜರಿಯಂಚಿನ ಕಂಚಿ ಸೀರೆ 900 ಗ್ರಾಂ ತೂಗಿತು. ಮೈಸೂರು ರೇಷ್ಮೆಯ ಕ್ರೇಪ್ ಸೀರೆ 450 ಗ್ರಾಂ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯಲ್ಲಿ ಇಂಥ ಸೀರೆ ನೇಯುತ್ತಾರೆ. ನೂಲನ್ನು ಬಿಗಿಯಾಗಿ ಹುರಿಮಾಡಿ ನೇಯುವುದರಿಂದ ಬಟ್ಟೆ ಜೋಲುಬೀಳುತ್ತದೆ, ಬೇಗ ಸುಕ್ಕಾಗುವುದಿಲ್ಲ, ಮಡಿಸಿದರೆ ಪುಟ್ಟ ಪೊಟ್ಟಣದಷ್ಟಾಗುತ್ತದೆ. ಕಂಚಿ ಸೀರೆ ಬೀರುವಿಗೆ ಹೋಯಿತು. ಹಸಿರು ಮೈಸೂರು ರೇಷ್ಮೆ ಚೀಲಕ್ಕೆ ಬಂತು.

ಅದರ ಜೊತೆಗೆ ಒಂದು ಇಳಕಲ್ ಸೀರೆ, ಒಂದು ಹಳೆಯ ಹತ್ತಿ ಸೀರೆ. ಇನ್ನೊಂದು ಹತ್ತಿ ಸೀರೆ ಉಟ್ಟುಕೊಂಡೇ ಹೊರಡುವುದು. ಕುಪ್ಪಸಗಳು ಎರಡು. ಒಂದು ದಿನಬಳಕೆಯದು. ಇನ್ನೊಂದು, ಗೆಳತಿ ಹಿಂದೊಮ್ಮೆ ಕೊಟ್ಟಿದ್ದ ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ್ದು. ಕಡುಗೆಂಪು ಬಣ್ಣ, ಮೈತುಂಬ ಸಣ್ಣ ಸಣ್ಣ ಬುಟ್ಟಾ. ಒಳಲಂಗವೂ ಕಡುಗೆಂಪೇ.

“ಅಜ್ಜಿ, ಹಸಿರು ಸೀರೆಗೆ ಕೆಂಪು ಕುಪ್ಪಸ ಮ್ಯಾಚ್ ಆಗುತ್ತಾ?” ಎಂದು ಮೊಮ್ಮಗಳು ಮುಖ ಕಿವುಚಿದಳು.

“ಅಲ್ಲಿಗೆ ಹೋದ ಮೇಲೆ ನೀನೇ ನೋಡು” ಎಂದೆ.

ಅವಳ ಸರದಿ ಬಂತು. ಆರು ಜೊತೆ ಬಟ್ಟೆ ಹರಡಿಕೊಂಡು ಕೂತಿದ್ದಳು. “ಎಲ್ಲಾ ಫೋಟೋದಲ್ಲೂ ಒಂದೇ ಲಂಗ ಇದ್ದರೆ ನನ್ನ ಫ್ರೆಂಡ್ಸ್ ನಗುತ್ತಾರೆ” ಎಂಬ ಚಿಂತೆ ಅವಳಿಗೆ. ನಗುವ ವಿಷಯವಲ್ಲ. ಆ ವಯಸ್ಸಿನಲ್ಲಿ ಅದು ನಿಜವಾದ ಚಿಂತೆಯೇ. ಇಬ್ಬರೂ ಕೂತು ಯೋಚಿಸಿ ಒಂದು ರೇಷ್ಮೆ ಲಂಗ, ಎರಡು ಬಣ್ಣದ ಕುಪ್ಪಸ, ನನ್ನ ಹಳೆಯ ಸೀರೆಯಿಂದ ಕತ್ತರಿಸಿದ ಒಂದು ದಾವಣಿ ಆರಿಸಿದೆವು. ಮೊದಲು ಲಂಗ, ಕುಪ್ಪಸ. ಸಂಜೆಗೆ ಇನ್ನೊಂದು ಕುಪ್ಪಸ, ಮೇಲೆ ದಾವಣಿ. ಮರುದಿನ ಬಿಳಿ ಕುರ್ತಾದ ಮೇಲೆ ಅದೇ ದಾವಣಿ. ನಾಲ್ಕು ತುಂಡು ಬಟ್ಟೆ, ಹಲವು ವೇಷ!

ರೇಷ್ಮೆ ಸೀರೆಯನ್ನು ಚೀಲಕ್ಕಿಡುವಾಗ ಜರಿ ಒಳಮುಖವಾಗಿರುವಂತೆ ಮಡಿಸಬೇಕು. ಆಮೇಲೆ ತೊಳೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಬೇಡ, ಜರಿಗೆ ತಾಗುವಂತೆ ನುಸಿಗುಳಿಗೆಯೂ ಬೇಡ. ಹತ್ತಿ ಬಟ್ಟೆಗಳನ್ನು ಸುರುಳಿ ಸುತ್ತಿ ಸಂದುಗಳಲ್ಲಿ ತುರುಕಬಹುದು. ನಾಲ್ಕು ಪಿನ್ನು, ಸೂಜಿದಾರ ಮರೆಯಬಾರದು. ಚೀಲದ ಕಾಲುಭಾಗ ಖಾಲಿ ಬಿಟ್ಟೆ. ಯಾಕೆಂದು ಮುಂದೆ ಹೇಳುತ್ತೇನೆ. ತೂಕ ಸರಿಯಾಗಿ ಐದು ಕಿಲೋ. ಮಹಡಿ ಎರಡು ಸಲ ಹತ್ತಿ ಇಳಿದೆ. ಮಗ ಮಾತಾಡದೆ ಟಿಕೆಟ್ ಮಾಡಿಸಿದ.

ಬೆಂಗಳೂರಿನಿಂದ ರಾತ್ರಿ ರೈಲು. ಹುಬ್ಬಳ್ಳಿ, ಗದಗ ದಾಟಿದ ಮೇಲೆ ಕಿಟಕಿಯಾಚೆ ಎರೆನೆಲ, ಜೋಳದ ಹೊಲ. ಬಾದಾಮಿಯಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಬೋಗಿಯಲ್ಲಿ ಮದುವೆಗೇ ಹೊರಟಿದ್ದ ಇನ್ನೊಂದು ಕುಟುಂಬವಿತ್ತು. ಒಬ್ಬರು ಮೇಲಿನಿಂದ ಸೂಟ್‌ಕೇಸ್ ಇಳಿಸುವುದು, ಇನ್ನೊಬ್ಬರು ಕೆಳಗಿನಿಂದ ಹಿಡಿಯುವುದು, ಒಬ್ಬರು ‘ಒಂದು ಕಮ್ಮಿ ಇದೆ’ ಎಂದು ಕೂಗುವುದು. ನಾನು ಚೀಲ ಹೆಗಲಿಗೇರಿಸಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದೆ. ಎರಡೂ ಕೈ ಖಾಲಿಯಿದ್ದರೆ ಮಂಡಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದು ನನ್ನ ವಯಸ್ಸಿನವರಿಗೆ ಗೊತ್ತು.

ಇಳಕಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾದಾಮಿಗೆ ಬಂದು ಗುಹೆ ನೋಡದೆ ಹೋಗುವುದೇ? ಕೆಂಪು ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿದೆವು. ಮೊದಲ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಲೇಶ ಇದನ್ನು ಮಾಡಿಸಿದನೆಂದು 578ರ ಶಾಸನ ಹೇಳುತ್ತದೆ. ಅಲ್ಲಿನ ಕಂಬಗಳ ಮೇಲ್ಭಾಗದಲ್ಲಿ ಮರದಡಿ ನಿಂತ ಗಂಡು ಹೆಣ್ಣಿನ ಜೋಡಿಗಳಿವೆ. ಮೊಮ್ಮಗಳು ಕತ್ತೆತ್ತಿ ಬಹಳ ಹೊತ್ತು ನೋಡಿ ಹೇಳಿದಳು: “ಅಜ್ಜಿ, ಇವರ ಬಟ್ಟೆಗಿಂತ ಜಡೆ, ತುರುಬು, ಸರಗಳೇ ಎದ್ದು ಕಾಣುತ್ತವೆ.” ಅಲ್ಲೇ ಅವಳು ಮದುವೆಗೆ ಮೂರು ಬಗೆಯ ಜಡೆ ಹಾಕಿಕೊಳ್ಳುವುದೆಂದು ತೀರ್ಮಾನಿಸಿದಳು. ಜಡೆಗೆ ಚೀಲದಲ್ಲಿ ಜಾಗ ಬೇಡವಲ್ಲ!

ಬಸ್ಸು ಗುಳೇದಗುಡ್ಡದ ಕಡೆಯಿಂದ ಹೋಯಿತು. ನನ್ನ ಕುಪ್ಪಸದ ಖಣ ನೇಯುವ ಊರು ಅದೇ. ಬಸ್ಸಿನಲ್ಲಿ ಕೂತಿದ್ದ ಹೆಂಗಸರನ್ನು ನೋಡಲು ಮೊಮ್ಮಗಳಿಗೆ ಹೇಳಿದೆ. ನೀಲಿ ಸೀರೆಗೆ ಕೆಂಪು ಕುಪ್ಪಸ, ದಾಳಿಂಬೆ ಬಣ್ಣದ ಸೀರೆಗೆ ಹಸಿರು ಕುಪ್ಪಸ. ಯಾವುದೂ ‘ಮ್ಯಾಚಿಂಗ್’ ಅಲ್ಲ, ಆದರೆ ಎಲ್ಲವೂ ಒಪ್ಪುತ್ತಿದ್ದವು. ಇಲ್ಲಿ ಸೀರೆ ಒಂದೂರಿನಲ್ಲಿ ನೇಯ್ದದ್ದು, ಖಣ ಇನ್ನೊಂದೂರಿನದು. ಸೀರೆಯೊಳಗಿಂದಲೇ ಕುಪ್ಪಸದ ಬಟ್ಟೆ ಕತ್ತರಿಸುವ ರೂಢಿ ಈಚಿನದು. ಒಂದೇ ಖಣದ ಕುಪ್ಪಸ ನಾಲ್ಕು ಸೀರೆಗೆ ಆಗುತ್ತದೆ ಎಂಬ ಉಪಾಯವನ್ನು ಈ ಸೀಮೆಯ ಅವ್ವಂದಿರು ಎಂದೋ ಕಂಡುಕೊಂಡಿದ್ದರು.

ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದ ದಾಟಿ ಇಳಕಲ್ ತಲುಪಿದೆವು. ಗೆಳತಿ ಬಾಗಿಲಲ್ಲೇ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಗು ಮಾತ್ರ ಹಾಸ್ಟೆಲಿನದೇ. “ಬಾರವ್ವಾ ಬಾ! ಇದೊಂದs ಚೀಲ ಏನು? ಉಳಿದದ್ದು ಹಿಂದ ಗಾಡ್ಯಾಗ ಬರತೈತೇನು?” ಎಂದಳು. ಇಬ್ಬರೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಮೊದಲ ದಿನ ಅರಿಶಿನ. ಹಳೆಯ ಹತ್ತಿ ಸೀರೆ ತಂದದ್ದು ಇದಕ್ಕೇ. ಮೊಮ್ಮಗಳ ಬಿಳಿ ಕುರ್ತಾಕ್ಕೆ ಅರಿಶಿನ ಸಿಡಿಯಿತು. ಸೋಪು ಹಚ್ಚಿದೊಡನೆ ಕಲೆ ಕೆಂಪಾಯಿತು! ಅವಳು ಗಾಬರಿಯಾದಳು. ಸೋಪು ಕ್ಷಾರ, ಅದು ತಾಗಿದರೆ ಅರಿಶಿನ ಕೆಂಪಾಗುತ್ತದೆ. ವಿಜ್ಞಾನದ ಪಾಠದಲ್ಲಿ ಬರುವ ಪರೀಕ್ಷೆ ಇದೇ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದೆವು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಮೂರನೆಯ ದಿನದ ಹೊತ್ತಿಗೆ ಕುರ್ತಾ ತೊಡುವಂತಾಗಿತ್ತು.

ಸಂಜೆ ಪಕ್ಕದ ಮನೆಯ ಮಗ್ಗ ನೋಡಲು ಹೋದೆವು. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಕೈಮಗ್ಗ. ನೇಕಾರರು ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ತುಳಿಯುತ್ತಾರೆ. ಇಳಕಲ್ ಸೀರೆಯ ಮೈಯ ಹಾಸು ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ, ಕುಣಿಕೆಗೆ ಕುಣಿಕೆ ಸೇರಿಸುತ್ತಾರೆ. ಇದಕ್ಕೆ ತೋಪುತೆನೆ ಎಂದು ಹೆಸರು. ಹೀಗೆ ಮಾಡುವಾಗ ಒಂದು ಸಲಕ್ಕೆ ಒಂದೇ ಸೀರೆಯ ಹಾಸು ಹೂಡಲು ಸಾಧ್ಯ. “ಒಂದs ಸೀರಿಗೆ ಇಷ್ಟು ಕೆಲಸ ಐತಿ ನೋಡವ್ವಾ” ಎಂದರು ನೇಯುತ್ತಿದ್ದ ಅಜ್ಜಿ. ಕೆಂಪು ಸೆರಗಿನ ಬಿಳಿ ಚಿತ್ತಾರದಲ್ಲಿ ಬಾಚಣಿಗೆಯ ಹಲ್ಲು, ಜೋಳದ ತೆನೆ ಗುರುತಿಸಿ ತೋರಿಸಿದರು. ಬೆಳಿಗ್ಗೆ ಕಂಡ ಹೊಲವೇ ಸೆರಗಿನಲ್ಲಿತ್ತು. ಮೊಮ್ಮಗಳು ಆ ಕುಣಿಕೆಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

ಮುಹೂರ್ತಕ್ಕೆ ಹಸಿರು ಮೈಸೂರು ರೇಷ್ಮೆ, ಕೆಂಪು ಖಣದ ಕುಪ್ಪಸ. ಸಂಜೆಯ ಆರತಕ್ಷತೆಗೆ ಇಳಕಲ್ ಸೀರೆ, ಅದೇ ಕುಪ್ಪಸ. ನಾನು ಬಳೆ ತಂದಿರಲಿಲ್ಲ. ಮದುವೆಮನೆಗೆ ಬಳೆಗಾರರು ಬಂದು ಎಲ್ಲರ ಕೈಗೂ ಹಸಿರು ಗಾಜಿನ ಬಳೆ ಇಟ್ಟರು. ಹೂವು ಬುಟ್ಟಿಗಟ್ಟಲೆ ಇತ್ತು. ಚಪ್ಪಲಿಯಂತೂ ಮಂಟಪದ ಹೊರಗೇ ಉಳಿಯುವುದು, ಅದಕ್ಕೆ ಯಾವ ಬಣ್ಣವಾದರೇನು? ಗೆಳತಿ ನನ್ನ ಸೀರೆ ಎಣಿಸಲಿಲ್ಲ. ಕುಪ್ಪಸದ ತೋಳು ಸವರಿ, “ನಾ ಕೊಟ್ಟ ಖಣ ಅಲ್ಲೇನು!” ಎಂದಳು. ಅವಳ ಕಣ್ಣು ತುಂಬಿತ್ತು. ಹೊಸ ಸೀರೆ ಹತ್ತು ಉಟ್ಟಿದ್ದರೂ ಆ ಒಂದು ಮಾತು ಬರುತ್ತಿರಲಿಲ್ಲ.

ಹೊರಡುವ ದಿನ ನಮ್ಮಿಬ್ಬರನ್ನೂ ಕೂರಿಸಿ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಎಲೆ ಅಡಿಕೆ, ಮಡಿಸಿದ ಹೊಸ ಖಣ. ಚೀಲದಲ್ಲಿ ಜಾಗ ಬಿಟ್ಟದ್ದು ಇದಕ್ಕೆ. ಮದುವೆಮನೆಯಿಂದ ಬರುವವರ ಚೀಲ ಹೋಗುವಾಗಿಗಿಂತ ಹಗುರವಾದದ್ದು ಉಂಟೇ? ತೆಂಗಿನಕಾಯಿ, ಅಕ್ಕಿಯನ್ನು ಮೊಮ್ಮಗಳು ತಾನೇ ತನ್ನ ಚೀಲಕ್ಕೆ ಹಾಕಿಕೊಂಡಳು. ನನ್ನ ಚೀಲ ನನ್ನ ಹೆಗಲಲ್ಲೇ ಬೆಂಗಳೂರು ಸೇರಿತು. ಸ್ಟೇಷನ್ನಿನಲ್ಲಿ ಮಗ ಕೈ ಚಾಚಿದ. ಈಗ ಕೊಟ್ಟೆ, ಅವನಿಗೂ ಒಂದು ಕೆಲಸವಿರಲಿ ಎಂದು.

ಉಡಿಯ ಅಕ್ಕಿ ಮನೆಯಲ್ಲಿ ಪಾಯಸವಾಯಿತು. ಭಾನುವಾರ ಮೊಮ್ಮಗಳು ತನ್ನ ಖಣ ಹಿಡಿದು ನನ್ನೊಡನೆ ದರ್ಜಿಯ ಅಂಗಡಿಗೆ ಬಂದಳು. ಅವರು ಬಟ್ಟೆ ಬಿಡಿಸಿ ನೋಡಿ, “ಯಾವ ಲಂಗಕ್ಕಮ್ಮ ಇದು ಮ್ಯಾಚಿಂಗು?” ಎಂದು ಕೇಳಿದರು.

“ಎಲ್ಲದಕ್ಕೂ ಅಂಕಲ್” ಎಂದಳು. “ಸ್ವಲ್ಪ ಒಳಗೆ ಬಟ್ಟೆ ಬಿಟ್ಟು ಹೊಲಿಯಿರಿ, ನಾನು ಬೆಳೆಯುತ್ತೀನಿ.”