ಅಂಗಳಕ್ಕೊಂದು ನಕ್ಷೆ ಹುಡುಕುತ್ತಾ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಅಂಗಳದ ಬಗ್ಗೆ ಏನೂ ಹೇಳಿಲ್ಲ. ಅವರ ಕಾಲದಲ್ಲಿ ಅದೊಂದು ಸಮಸ್ಯೆಯೇ ಆಗಿರಲಿಲ್ಲ ನೋಡಿ! ನಮ್ಮಂಥ ಪೇಟೆಯವರಿಗೆ ಸೈಟಿನಲ್ಲಿ ಮನೆ ಎದ್ದ ಮೇಲೆ ಮಿಕ್ಕಿದ್ದೇ ಅಂಗಳ. ತುಮಕೂರಿನ ನಮ್ಮ ಮನೆಯ ಮುಂದೆ ಹಾಗೆ ಮಿಕ್ಕಿದ್ದು 18 ಅಡಿ ಉದ್ದ, 10 ಅಡಿ ಅಗಲದ ಜಾಗ.

"ಪೂರ್ತಿ ಟೈಲ್ಸ್ ಹಾಕಿಸಿಬಿಡಿ, ಗುಡಿಸೋದು ಸುಲಭ" ಎಂದರು ಮೇಸ್ತ್ರಿ. ನಮ್ಮವರಿಗೆ ಎರಡು ಸ್ಕೂಟರ್ ನಿಲ್ಲಬೇಕು. ಹತ್ತು ವರ್ಷದ ಮಗಳಿಗೆ ಕುಂಟೆಬಿಲ್ಲೆಗೆ ಜಾಗ ಬೇಕು. ತೀರ್ಥಹಳ್ಳಿ ಕಡೆಯ ಹಳ್ಳಿಮನೆ ಬಿಟ್ಟು ನಮ್ಮ ಜೊತೆ ಇರಲು ಬಂದ ಅತ್ತೆ ಮಾತ್ರ ಏನೂ ಕೇಳಲಿಲ್ಲ. "ನಿಮ್ಮ ಮನೆ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಎಂದರು. ಜೀವನವಿಡೀ ಮಣ್ಣಿನಲ್ಲಿ ಕೈಯಾಡಿಸಿದವರು ಬೆಳಗಿನ ಹೊತ್ತು ಕಿಟಕಿ ಪಕ್ಕ ಸುಮ್ಮನೆ ಕೂರುವುದನ್ನು ನೋಡಲಾಗದೆ, ಟೈಲ್ಸ್ ಕೆಲಸ ಸ್ವಲ್ಪ ದಿನ ನಿಲ್ಲಿಸಿ ಎಂದೆ. ಮೊದಲು ಬೇರೆಯವರ ತೋಟ ನೋಡಿ ಬರೋಣ ಎಂದು ತೀರ್ಮಾನವಾಯಿತು.

ಫೆಬ್ರುವರಿಯಲ್ಲಿ, ಫಲಪುಷ್ಪ ಪ್ರದರ್ಶನದ ನೂಕುನುಗ್ಗಲು ಮುಗಿದ ಮೇಲೆ, ಲಾಲ್‌ಬಾಗ್‌ಗೆ ಹೊರಟೆವು. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಬೆಳೆಸಿದ ಈ ತೋಟ ಈಗ 240 ಎಕರೆ. ಅಲ್ಲಿಂದ ನಮ್ಮ 180 ಚದರಡಿಗೆ ತರುವುದಾದರೂ ಏನನ್ನು? 1889ರ ಗಾಜಿನ ಮನೆಯನ್ನಂತೂ ತರಲಾಗದು! ಮಗಳೇ ದಾರಿ ತೋರಿಸಿದಳು: "ಅಮ್ಮಾ, ಹೂವಿನ ಹತ್ರ ಎಲ್ರೂ ಫೋಟೋ ತೆಗೆದು ಹೋಗ್ತಾರೆ. ಕೂತ್ಕೊಳ್ಳೋದು ಮಾತ್ರ ಮರದ ಕೆಳಗೆ." ನಿಜವೇ. ಹೂವು ಕರೆಯುತ್ತದೆ, ಕೂರಿಸುವುದು ನೆರಳು. ನಮ್ಮ ಅಂಗಳ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಬಾಗಿಲಿಗೇ ಬಡಿಯುತ್ತದೆ. ನಮಗೆ ಮೊದಲು ಬೇಕಾದ್ದು ಒಂದು ಪುಟ್ಟ ಮರ.

ಲಾಲ್‌ಬಾಗ್ ಕಲಿಸಿದ ಇನ್ನೊಂದು ಪಾಠ ಕ್ರುಂಬಿಗಲ್ ಅವರದು. 1908ರಿಂದ 1932ರವರೆಗೆ ಈ ತೋಟ ನೋಡಿಕೊಂಡ ಜರ್ಮನ್ ತಜ್ಞರು ಅವರು. ಒಂದು ಜಾತಿಯ ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ಆರಿಸಿದವರು. ಅದನ್ನು ಹೇಳಿದ್ದೇ ತಡ, ಅತ್ತೆ ಬೆರಳು ಮಡಿಸಿ ಎಣಿಸತೊಡಗಿದರು: "ಚಳಿಗೆ ಸೇವಂತಿಗೆ, ಬೇಸಿಗೆಗೆ ಮಲ್ಲಿಗೆ, ಮಳೆ ಮುಗಿಯೋ ಹೊತ್ತಿಗೆ ಪಾರಿಜಾತ. ಮಧ್ಯದಲ್ಲಿ ಕನಕಾಂಬರ, ದಾಸವಾಳ ಇದ್ದೇ ಇದೆ. ದೇವರಿಗೆ ದಿನಾ ಹೂವಾಯ್ತು!" ಊರಿನಿಂದ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಮಾರ್ಚ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಅತ್ತೆಯ ತಂಗಿಯ ಮನೆಗೆ ಹೋದೆವು. ಬಾಗಿಲಿಗೆ ನೇರವಾಗಿ ತುಳಸಿಕಟ್ಟೆ. ಬೇಲಿಗೆ ದಾಸವಾಳ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಬಾವಿಯ ಪಕ್ಕ ಬಸಳೆ ಚಪ್ಪರ. ಸುತ್ತ ಇಷ್ಟೆಲ್ಲ ಇದ್ದರೂ ಅಂಗಳದ ನಡುವೆ ಮಾತ್ರ ಒಂದೂ ಗಿಡವಿಲ್ಲ. "ಅಡಕೆ ಒಣಗಿಸಬೇಕಲ್ಲ, ಮಾರಾಯ್ತಿ!" ಎಂದು ಚಿಕ್ಕತ್ತೆ ನಕ್ಕರು. ಆಗ ಹೊಳೆಯಿತು: ನೀರು ಎಲ್ಲಿದೆಯೋ ಅಲ್ಲಿ ನೀರು ಬೇಡುವ ಗಿಡ, ಮನುಷ್ಯರಿಗೆ ಎಲ್ಲಿ ಕೆಲಸವಿದೆಯೋ ಅಲ್ಲಿ ಖಾಲಿ ಜಾಗ. ಖಾಲಿ ಜಾಗವೂ ತೋಟದ ಭಾಗವೇ.

ಊರಿಗೆ ಮರಳಿ ನಾಲ್ವರೂ ಕೂತು ನಕ್ಷೆ ಬರೆದೆವು. ಗೇಟಿನ ಬಳಿ ಸ್ಕೂಟರ್‌ಗಳಿಗೆ ಬೇಕಾದಷ್ಟೇ ಟೈಲ್ಸ್. ನಡುವೆ ಕುಂಟೆಬಿಲ್ಲೆಗೂ ರಂಗೋಲಿಗೂ ಬರೀ ನೆಲ. ಕಾಂಪೌಂಡಿನುದ್ದಕ್ಕೂ ಎರಡೂವರೆ ಅಡಿ ಮಣ್ಣಿನ ಪಟ್ಟಿ. ಪಶ್ಚಿಮದ ಮೂಲೆಗೆ ಪಾರಿಜಾತ, ಅದರ ಬುಡದಲ್ಲಿ ಇಬ್ಬರು ಕೂರುವಷ್ಟು ಕಲ್ಲಿನ ಕಟ್ಟೆ. ನಮಗೆ ಬಚ್ಚಲ ಕಾಲುವೆ ಇಲ್ಲ. ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದು ಬಸಳೆಯ ಬುಡಕ್ಕೆ ಹಾಕುತ್ತೇವೆ. ಜೂನ್ ಮಳೆಗೆ ಗಿಡಗಳನ್ನೆಲ್ಲ ನೆಟ್ಟೆವು.

ನೀವೂ ತೋಟ ನೋಡಲು ಹೋಗುವುದಾದರೆ ಟೇಪು, ನೋಟ್‌ಬುಕ್ ಜೊತೆಗಿರಲಿ. ಮನೆಯ ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತಿಗೆ, ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಚೆಂದ ಕಂಡ ಗಿಡದ ಹೆಸರು ಕೇಳುವುದರ ಜೊತೆಗೆ, ಅದನ್ನು ಅಲ್ಲೇ ಏಕೆ ನೆಟ್ಟಿದ್ದಾರೆಂದು ಮಾಲಿಯನ್ನು ಕೇಳಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಬಿಟ್ಟು ಹೋಗಬೇಡಿ. ನಮ್ಮ ಕಣ್ಣು ತಪ್ಪಿಸಿದ್ದು ಅವರಿಗೆ ಕಾಣುತ್ತದೆ.

ಈಗ ಬೆಳಗಾದರೆ ಅತ್ತೆ ಅಂಗಳದಲ್ಲಿರುತ್ತಾರೆ. ಬೀದಿಯ ನಾಲ್ಕು ಮನೆಗೆ ಕನಕಾಂಬರದ ಸಸಿ ಹಂಚಿಯಾಗಿದೆ. ಎಲ್ಲ ಕೊಟ್ಟುಬಿಟ್ಟರೆ ನಮಗೆ ಎಂದು ಮಗಳು ಕೇಳಿದಾಗ ಅವರು ಹೇಳಿದ್ದು ಇಷ್ಟು: "ನಾಲ್ಕು ಕಡೆ ಇದ್ರೆ ಒಳ್ಳೇದು ಪುಟ್ಟಿ. ನಮ್ಮ ಅಂಗಳದ್ದು ಒಣಗಿದ್ರೆ ಅವರ ಹತ್ರ ಕೇಳಿ ತರಬಹುದು."