ಎರಡೂ ಖರೇನ ರಿ

ರಕ್ತಕ್ಕೆ ಒಂದೇ ಹಟ. ರಕ್ತನಾಳದ ಒಳಗೋಡೆಯನ್ನು ಬಿಟ್ಟು ಬೇರೆ ಏನನ್ನು ಮುಟ್ಟಿದರೂ ಹೆಪ್ಪುಗಟ್ಟಲು ಹವಣಿಸುತ್ತದೆ. ಬೆರಳು ಕೊಯ್ದುಕೊಂಡ ನೇಕಾರನಿಗೆ ಈ ಹಟ ವರವೇ ಸರಿ. ಆದರೆ ಅದೇ ನೇಕಾರ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮೂತ್ರಪಿಂಡಗಳು ಕೈಕೊಟ್ಟು ಯಂತ್ರವೊಂದರ ಪಕ್ಕದಲ್ಲಿ ಮಲಗಿದಾಗ ಅದು ದೊಡ್ಡ ಕಾಟವಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಕಮತಗಿ ಮಗ್ಗಗಳ ಊರು. ಅಲ್ಲಿಯ ಅರವತ್ತು ದಾಟಿದ ನೇಕಾರರೊಬ್ಬರಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೈಪಾಸ್ ಆಯಿತು. ಹೃದಯವೇನೋ ನಿಧಾನವಾಗಿ ಸುಧಾರಿಸತೊಡಗಿತು. ಮೂರನೆಯ ದಿನ ಮೂತ್ರ ನಿಂತಿತು. ಮಾಮೂಲಿ ಡಯಾಲಿಸಿಸ್ ನಾಲ್ಕು ತಾಸಿನಲ್ಲಿ ಮುಗಿಯುವಂಥದು. ಅಷ್ಟು ಅವಸರದಲ್ಲಿ ನೀರು ಎಳೆದರೆ ಅವರ ರಕ್ತದೊತ್ತಡ ತಡೆಯುವಂತಿರಲಿಲ್ಲ. ಆದ್ದರಿಂದ ಹಗಲೂ ರಾತ್ರಿ ನಿಧಾನವಾಗಿ ನಡೆಯುವ ಯಂತ್ರಕ್ಕೆ ಜೋಡಿಸಿದರು. 1977ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಪೀಟರ್ ಕ್ರಾಮರ್ ಎಂಬ ವೈದ್ಯರು ತೋರಿಸಿಕೊಟ್ಟ ದಾರಿಯಿದು.

ಈ ಯಂತ್ರದ ಜೀವಾಳ ಅದರ ಫಿಲ್ಟರ್. ಮೊಳವೂ ಇಲ್ಲದ ಕೊಳವೆಯಲ್ಲಿ ಸಾವಿರಾರು ಟೊಳ್ಳು ಎಳೆಗಳು. ಒಂದೊಂದರ ಒಳಗಿನ ಅಗಲ ಮಿಲಿಮೀಟರಿನ ಐದನೆಯ ಒಂದು ಪಾಲು. ಅಷ್ಟು ಇಕ್ಕಟ್ಟಿನಲ್ಲಿ ರಕ್ತ ಹಾಯಬೇಕು. ಒಂದೊಂದೇ ಎಳೆ ಕಟ್ಟಿಕೊಂಡರೆ ಯಂತ್ರದೊಳಗಿನ ಒತ್ತಡ ಏರುತ್ತದೆ, ಗಂಟೆ ಬಾರಿಸುತ್ತದೆ, ಕೊನೆಗೆ ಎಲ್ಲ ನಿಲ್ಲುತ್ತದೆ. ಕೊಳವೆಯಲ್ಲಿದ್ದ 150-200 ಮಿಲಿಲೀಟರ್ ರಕ್ತವನ್ನು ಹಿಂದಿರುಗಿಸಲಾಗದೆ ಚೆಲ್ಲಬೇಕು. ಮೊದಲೇ ರಕ್ತ ಕಳೆದುಕೊಂಡ ರೋಗಿಗೆ ಅದು ಸಣ್ಣ ನಷ್ಟವಲ್ಲ. ಹೊಸ ಫಿಲ್ಟರಿನ ದುಡ್ಡು ಬೇರೆ.

ನೇಕಾರರ ಮೊದಲ ಫಿಲ್ಟರ್ ಒಂದು ದಿನವೂ ಬಾಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವರ ಹೆಂಡತಿ ನರ್ಸನ್ನು ತಡೆದು ಕೇಳಿದರು: "ಎದಿ ಕೊಯ್ದಾಗ ರಕ್ತ ನಿಲ್ಲಬೇಕು ಅಂದ್ರಿ. ಈಗ ನೋಡಿದ್ರ ಹೆಪ್ಪುಗಟ್ಟಬಾರದು ಅಂತೀರಿ. ಯಾವುದು ಖರೆ ತಂಗಿ?"

ನರ್ಸ್ ಇಂಡಿ ಕಡೆಯ ಹುಡುಗಿ. "ಎರಡೂ ಖರೇನ ರಿ ಅಮ್ಮಾರ. ಮೈಯಾಗ ಗಾಯ ಇದ್ದಲ್ಲಿ ಹೆಪ್ಪುಗಟ್ಟಬೇಕು. ಈ ಪೈಪಿನ್ಯಾಗ ಗಟ್ಟಬಾರದು."

ಆ ತಾಯಿಯ ಪ್ರಶ್ನೆ ವೈದ್ಯರನ್ನೂ ಬಹುಕಾಲ ಕಾಡಿದ್ದೇ. 1924ರಲ್ಲಿ ಜರ್ಮನಿಯ ಗೆಯೋರ್ಗ್ ಹಾಸ್ ಮನುಷ್ಯನಿಗೆ ಮೊದಲ ಡಯಾಲಿಸಿಸ್ ಮಾಡಿದಾಗ ರಕ್ತ ಹೆಪ್ಪುಗಟ್ಟದಂತೆ ಬಳಸಿದ್ದು ಜಿಗಣೆಯಿಂದ ತೆಗೆದ ಹಿರುಡಿನ್. ಆಮೇಲೆ ಹೆಪಾರಿನ್ ಬಂತು. ಒಳ್ಳೆಯ ಔಷಧವೇ. ಆದರೆ ಅದು ಕೊಳವೆಯಲ್ಲಿ ನಿಲ್ಲುವುದಿಲ್ಲ, ಮೈಯೆಲ್ಲ ಹರಡುತ್ತದೆ. ಬೈಪಾಸಿನಲ್ಲಿ ಹೃದಯ-ಶ್ವಾಸಕೋಶ ಯಂತ್ರಕ್ಕೆಂದು ಹೆಪಾರಿನ್ ಕೊಟ್ಟು, ಕೆಲಸ ಮುಗಿದ ಮೇಲೆ ಪ್ರೋಟಮೀನ್‌ನಿಂದ ಅದರ ಪ್ರಭಾವ ತೆಗೆದಿರುತ್ತಾರೆ. ಹೊಲಿಗೆ ಹಸಿಯಿರುವಾಗ ಮತ್ತೆ ಅದನ್ನೇ ಸುರಿದರೆ ಎದೆಯೊಳಗೆ ರಕ್ತ ಸೋರಲಾರಂಭಿಸಬಹುದು. ಕೆಲವರಲ್ಲಿ ಹೆಪಾರಿನ್ನೇ ರಕ್ತದ ಕಿರುಬಿಲ್ಲೆಗಳನ್ನು ಇಳಿಸಿ, ತಿರುಗುಮುರುಗಾಗಿ ಹೆಪ್ಪುಗಟ್ಟಿಸುವುದೂ ಉಂಟು.

ಇನ್ನೊಂದು ದಾರಿ ಸಿಟ್ರೇಟ್. ಇಂಡಿಯ ಹುಡುಗಿಗೆ ಅದನ್ನು ವಿವರಿಸುವುದು ಸುಲಭವಾಯಿತು, ಲಿಂಬೆಯ ಹುಳಿಯಿಂದಲೇ ಹುಟ್ಟಿದ ಲವಣವದು. ರಕ್ತದಾನದ ಚೀಲದಲ್ಲಿ ರಕ್ತ ಹೆಪ್ಪುಗಟ್ಟದಿರುವುದೂ ಅದರಿಂದಲೇ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ರಕ್ತ ಯಂತ್ರಕ್ಕೆ ಬರುವ ಬಾಗಿಲಲ್ಲೇ ಸಿಟ್ರೇಟ್ ಬೆರೆಸಿದರೆ ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ. ಮೈಯಲ್ಲಿ ಲೀಟರಿಗೆ 1.1 ಮಿಲಿಮೋಲಿನಷ್ಟಿರುವ ಬಿಡಿ ಕ್ಯಾಲ್ಸಿಯಂ ಫಿಲ್ಟರಿನಲ್ಲಿ 0.3ರ ಆಸುಪಾಸಿಗೆ ಇಳಿಯುತ್ತದೆ. ಕಳೆದ ಕ್ಯಾಲ್ಸಿಯಮ್ಮನ್ನು ಬೇರೆ ನಳಿಕೆಯಿಂದ ರೋಗಿಗೆ ತುಂಬಿಕೊಡುತ್ತಾರೆ. ಪೈಪಿನಲ್ಲಿ ಹೆಪ್ಪಿಲ್ಲ, ಗಾಯಕ್ಕೆ ಅಡ್ಡಿಯಿಲ್ಲ.

ಕೇಳಲು ಎಷ್ಟು ಸರಳ! ಮಾಡುವುದು ಅಷ್ಟಲ್ಲ. ಮೈಗೆ ಬಂದ ಸಿಟ್ರೇಟನ್ನು ಕರಗಿಸುವುದು ಮುಖ್ಯವಾಗಿ ಯಕೃತ್ತು. ಹೃದಯ ದುರ್ಬಲವಾಗಿ ಯಕೃತ್ತಿಗೆ ರಕ್ತ ಸಾಲದಿದ್ದರೆ ಸಿಟ್ರೇಟ್ ಉಳಿದು ಬಿಡಿ ಕ್ಯಾಲ್ಸಿಯಂ ಕುಸಿಯುತ್ತದೆ. ಹೃದಯದ ಬಡಿತಕ್ಕೆ ಬೇಕಾದುದೂ ಅದೇ ಕ್ಯಾಲ್ಸಿಯಂ. ಆದ್ದರಿಂದ ಕೆಲವು ತಾಸಿಗೊಮ್ಮೆ ರಕ್ತ ಪರೀಕ್ಷೆ ತಪ್ಪದು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2012ರಲ್ಲಿ, ಅಡ್ಡಿಯಿಲ್ಲದ ರೋಗಿಗಳಿಗೆ ಸಿಟ್ರೇಟೇ ಮೇಲೆಂದವು. 2020ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಫಿಲ್ಟರ್ ಸಿಟ್ರೇಟಿನೊಂದಿಗೆ ಸುಮಾರು 47 ತಾಸು, ಹೆಪಾರಿನ್‌ನೊಂದಿಗೆ 26 ತಾಸು ಬಾಳಿತು. ಆದರೆ ಸಿಟ್ರೇಟ್ ಪಡೆದವರಲ್ಲಿ ಹೊಸ ಸೋಂಕುಗಳು ಹೆಚ್ಚು ಕಂಡವು. ಸಂಜೀವಿನಿ ಎನ್ನುವಂತಿಲ್ಲ.

ಔಷಧವೊಂದರಿಂದಲೇ ಫಿಲ್ಟರ್ ಉಳಿಯುವುದೂ ಇಲ್ಲ. ಕುತ್ತಿಗೆಯ ನಳಿಕೆ ಸರಿಯಾಗಿ ಕೂತಿರಬೇಕು, ರೋಗಿ ಹೊರಳಿದಾಗ ಮಡಿಚಿಕೊಳ್ಳಬಾರದು. ನೀರು ಅತಿಯಾಗಿ ಎಳೆದರೆ ರಕ್ತ ಗಟ್ಟಿಯಾಗುತ್ತದೆ. ಗಂಟೆ ಬಾರಿಸಿದಾಗ ಎರಡು ನಿಮಿಷ ತಡವಾದರೂ ನಿಂತ ರಕ್ತ ತನ್ನ ಹಟ ತೋರಿಸುತ್ತದೆ. ಮಗ್ಗದಲ್ಲಿ ಎಳೆ ಹರಿದದ್ದನ್ನು ಕಣ್ಣಿಗಿಂತ ಮೊದಲು ಕೈ ಕಾಣುತ್ತದಂತೆ. ಪಳಗಿದ ನರ್ಸಿಗೂ ಯಂತ್ರದ ಸದ್ದಿನಲ್ಲಿ ಅಂಥದೇ ಪರಿಚಯ.

ಎರಡನೆಯ ಫಿಲ್ಟರ್ ಸಿಟ್ರೇಟಿನೊಂದಿಗೆ ಎರಡು ದಿನ ನಡೆಯಿತು. ಮೂರನೆಯದು ನಡೆಯುತ್ತಿದ್ದಾಗಲೇ ಮಂಚದ ಕೆಳಗಿನ ಚೀಲದಲ್ಲಿ 40 ಮಿಲಿಲೀಟರ್ ಮೂತ್ರ ಕಂಡಿತು. ಹೆಂಡತಿ ಬಗ್ಗಿ ನೋಡಿ, "ಇಷ್ಟ ಸಾಕೇನ ತಂಗಿ?" ಎಂದರು. "ಇವತ್ತಿಗೆ ಸಾಕ್ರಿ" ಎಂದು ಹುಡುಗಿ ಅಂಕಿ ಬರೆದುಕೊಂಡು, ಕ್ಯಾಲ್ಸಿಯಂ ಪರೀಕ್ಷೆಗೆ ರಕ್ತ ತೆಗೆಯಲು ಒಳಗೆ ಹೋದಳು.