ಹತ್ತಕ್ಕೆ ನಾಲ್ಕು

ಆಪ್‌ನಲ್ಲಿ ಜನ ಎಲ್ಲಿ ಒತ್ತಿದರು, ಎಲ್ಲಿ ಬಿಟ್ಟುಹೋದರು ಅಂತ ನೋಡೋದು ನನ್ನ ಕೆಲಸ. ಅಲ್ಲಿ ಬರೀ ಮೊತ್ತ ಸಾಕು. ಆದರೆ ಮಕ್ಕಳ ಗಣಿತದ ಆಟಕ್ಕೆ ಮೊತ್ತ ಸಾಲದು ಅಂತ ಗೊತ್ತಾದದ್ದು ನಮ್ಮೂರಲ್ಲಿ, ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ.

ಅಕ್ಕನ ಮಗಳು ಮೂರನೇ ಕ್ಲಾಸು. ಅಕ್ಕನ ಫೋನಲ್ಲಿ ಬೆಂಗಳೂರಿನ ಅಕ್ಷರ ಫೌಂಡೇಶನ್‌ನ 'ಬಿಲ್ಡಿಂಗ್ ಬ್ಲಾಕ್ಸ್' ಆಡ್ತಾಳೆ. ಶಾಲೆಯ ಗಣಿತವನ್ನೇ ಆಟ ಮಾಡಿರುವ ಉಚಿತ ಆಪ್, ಕನ್ನಡದಲ್ಲೂ ಇದೆ. ಕಳೆಯುವ ಲೆಕ್ಕದಲ್ಲಿ ಅವಳಿಗೆ ಹತ್ತಕ್ಕೆ ನಾಲ್ಕು. "ಇದಕ್ಕ ಲೆಕ್ಕ ತಲಿಗೆ ಹತ್ತಲ್ಲ ಬಿಡೋ" ಅಂದಳು ಅಕ್ಕ. ಹುಡುಗಿ ಸುಮ್ಮನೆ ತಲೆ ತಗ್ಗಿಸಿದಳು. ನನಗೆ ಭಯವಾದದ್ದು ಆ ಸುಮ್ಮನಿರುವಿಕೆಗೆ. ಎಂಟು ವರ್ಷಕ್ಕೇ ನಂಬಿಬಿಟ್ಟರೆ?

ಅವಳು ಲೆಕ್ಕ ಮಾಡಿದ್ದ ಚೀಟಿ ಇಸ್ಕೊಂಡೆ. 58ರಲ್ಲಿ 23 ಹೋದರೆ 35. ಸರಿ. 52ರಲ್ಲಿ 17 ಹೋದರೆ 45. 81ರಲ್ಲಿ 36 ಹೋದರೆ 55. 40ರಲ್ಲಿ 16 ಹೋದರೆ 36. ದಶಕದಿಂದ ಸಾಲ ತರಬೇಕಾದ ಕಡೆಯೆಲ್ಲ ಒಂದೇ ಥರದ ತಪ್ಪು. ಯಾಕಮ್ಮ ಹೀಗೆ ಅಂದೆ. "ದೊಡ್ಡದ್ರಾಗ ಸಣ್ಣದು ಕಳಿಬೇಕಲ್ಲ ಮಾಮ?"

ಅವಳ ಹತ್ರ ನಿಯಮ ಇತ್ತು! ಊಹೆ ಮಾಡುವ ಮಗುವಿನ ತಪ್ಪು ಚೆಲ್ಲಾಪಿಲ್ಲಿಯಾಗಿರುತ್ತೆ, ಇವಳದು ಸಾಲಾಗಿ ನಿಂತಿತ್ತು. ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ 1978ರಲ್ಲೇ ಇದನ್ನ ಬರೆದಿದ್ದರು: ಎಷ್ಟೋ ಮಕ್ಕಳು ತಪ್ಪು ನಿಯಮವನ್ನ ಶ್ರದ್ಧೆಯಿಂದ ಪಾಲಿಸ್ತಾರೆ. ಮೇಷ್ಟ್ರಾಗುವವರಿಗೆ ಅವರು 'ಬಗ್ಗಿ' ಅನ್ನೋ ಕಂಪ್ಯೂಟರ್ ಆಟವನ್ನೂ ಮಾಡಿದ್ದರು. ಅದರಲ್ಲಿ ಕಂಪ್ಯೂಟರ್ ಮಗುವಿನ ಹಾಗೆ ತಪ್ಪು ಮಾಡುತ್ತೆ, ಯಾವ ನಿಯಮದಿಂದ ತಪ್ಪಿತು ಅಂತ ಮೇಷ್ಟ್ರು ಹಿಡೀಬೇಕು.

ಐದು ಹತ್ತರ ನೋಟು, ಎರಡು ಒಂದರ ನಾಣ್ಯ ಅವಳ ಕೈಗಿಟ್ಟು 17 ರೂಪಾಯಿ ಕೊಡು ಅಂದೆ. ಒಂದು ನೋಟು ಕೊಟ್ಟಳು. ಉಳಿದ ಏಳಕ್ಕೆ ನಾಣ್ಯ ಸಾಲಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಒಂದು ನೋಟು ಚಿಲ್ಲರೆ ಮಾಡಸ್ಬೇಕು" ಅಂದಳು. ಸಾಲ ತರೋದು ಅಂದ್ರೆ ಅಷ್ಟೇ.

ಇನ್ನೊಂದು ಮಾತು. ಅದೇ ಫೋನಲ್ಲಿ, ಅವಳ ಹೆಸರಲ್ಲೇ ಅವಳ ಅಣ್ಣನೂ ಆಡ್ತಾನೆ. ಬೆಂಗಳೂರಲ್ಲಿ ಕೂತು ನೋಡಿದರೆ ಒಂದೇ ಮಗು ಸಂಜೆ ಆರಕ್ಕೆ ದಡ್ಡಿ, ಏಳಕ್ಕೆ ಜಾಣೆ. ಸರಾಸರಿ ತೆಗೆದರೆ ಇಬ್ಬರೂ ಮಾಯ.

ಆಟದ ಡೇಟಾ ಬೇಡ ಅಂತಲ್ಲ. ನಲವತ್ತು ಮಕ್ಕಳ ಚೀಟಿ ಮೇಷ್ಟ್ರು ದಿನಾ ನೋಡೋಕಾಗಲ್ಲ, ಆಟ ನೋಡಬಹುದು. ಆದರೆ ಅದು ಮೇಷ್ಟ್ರಿಗೆ ಹೇಳಬೇಕಾದದ್ದು 'ಹತ್ತಕ್ಕೆ ನಾಲ್ಕು' ಅಂತಲ್ಲ, 'ಈ ಐದು ಮಕ್ಕಳಿಗೆ ಚಿಲ್ಲರೆ ಮಾಡಿಸೋದು ಹೇಳಿಕೊಡಿ' ಅಂತ. ಆಮೇಲಿನದು ಪಕ್ಕದಲ್ಲಿ ಕೂರುವವರ ಕೆಲಸ.